ಹಿತ್ತಾಳೆಯ ಕಮಲಕಂಪನ

ಸಂಕ್ರಾಂತಿ ಕಳೆದ ಎಂಟನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ ದೋಸೆಹಿಟ್ಟು ರುಬ್ಬಿ ಮಾರುತ್ತಿದ್ದ ಪಾಪಮ್ಮನವರ ಗ್ರೈಂಡರಿಗೆ ಅಧಿಕಾರಿಗಳು ಸೀಲ್ ಹಾಕಿದರು. ದೂರು ಕೊಟ್ಟವರು ಪಕ್ಕದ ಮನೆಯ ಚನ್ನವೀರೇಶ್. ದೂರಿನ ಕೆಳಗೆ ನಲವತ್ತೆರಡು ಮನೆಗಳ ಸಹಿ ಇತ್ತು. ಆ ನಲವತ್ತೆರಡೂ ಮನೆಗಳ ಫ್ರಿಜ್ಜಿನಲ್ಲಿ ಅವತ್ತು ಪಾಪಮ್ಮನವರ ಹಿಟ್ಟಿತ್ತು.

ಚನ್ನವೀರೇಶ್ ಕೆಟ್ಟವರೇನಲ್ಲ. ಕೆಟ್ಟವರಾಗಲು ಬೇಕಾದ ಏಕಾಗ್ರತೆ ಅವರಿಗಿರಲಿಲ್ಲ. ಮೂವತ್ತನಾಲ್ಕು ವರ್ಷ ಒಂದು ಕಾರ್ಖಾನೆಯ ಟೂಲ್ ಸ್ಟೋರಿನ ಕಿಟಕಿಯ ಹಿಂದೆ ಕೂತು, ಟೋಕನ್ ಇಸಿದುಕೊಂಡು, ಲೇತ್ ನಡೆಸುವ ಟರ್ನರುಗಳಿಗೆ ಉಳಿ, ಡ್ರಿಲ್ಲು, ಅಳತೆಪಟ್ಟಿ ಕೊಟ್ಟವರು. ಅಷ್ಟೂ ವರ್ಷ ಲೇತ್ ಯಂತ್ರವನ್ನು ಅವರು ಕಂಡದ್ದು ಆ ಕಿಟಕಿಯ ಚೌಕಟ್ಟಿನೊಳಗೆ ಮಾತ್ರ. ಅದೂ ಯಂತ್ರದ ಬೆನ್ನು. ನಿವೃತ್ತಿಯ ದಿನ ಕೈಗೆ ಮೈಕ್ ಸಿಕ್ಕಿತು. "ಲೇತಿನ ನಾಡಿಮಿಡಿತ ನನಗೆ ಗೊತ್ತು," ಎಂದುಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಟರ್ನರ್ ನಕ್ಕ. ಒಂದೇ ನಗು, ಅದನ್ನೂ ಕೆಮ್ಮಿನಲ್ಲಿ ಮುಚ್ಚಿದ. ಮುಂದಿನ ವಾರವೇ, ಕಾಮಾಕ್ಷಿಪಾಳ್ಯದಲ್ಲಿ ಬಾಗಿಲು ಹಾಕುತ್ತಿದ್ದ ವರ್ಕ್‌ಶಾಪೊಂದರ ಸಣ್ಣ ಲೇತು ಗೂಡ್ಸ್ ಆಟೋದಲ್ಲಿ ಬಂದು ಚನ್ನವೀರೇಶರ ಗೇಟಿಗೆ ಗುದ್ದಿತು.

"ಇದನ್ನ ಎಲ್ಲಿಡ್ತೀರ್ರೀ? ನನ್ನ ತಲೆ ಮೇಲಾ?" ಎಂದರು ಹೆಂಡತಿ ನೀಲಗಂಗಮ್ಮ.

ಇಪ್ಪತ್ತು ಮೂವತ್ತರ ಸೈಟಿನಲ್ಲಿ ತಲೆಯೇ ಖಾಲಿ ಜಾಗ ಎಂಬುದು ನಿಜವೇ. ಆದರೆ ಚನ್ನವೀರೇಶ್ ಇನ್ನೊಂದು ಜಾಗ ಹುಡುಕಿದರು. ಅಡುಗೆಮನೆಯ ಹಿಂದೆ, ಬಟ್ಟೆ ಒಗೆಯುವ ಓಣಿಯಲ್ಲಿ, ಪಾಪಮ್ಮನವರ ಮನೆಗೂ ಇವರ ಮನೆಗೂ ಸೇರಿದ ಒಂದೇ ಗೋಡೆ. ಆ ಗೋಡೆಗೆ ಕಬ್ಬಿಣದ ಬ್ರಾಕೆಟ್ ಬೋಲ್ಟ್ ಮಾಡಿ, ಅದರ ಮೇಲೆ ಲೇತನ್ನು ಕೂರಿಸಿದರು. ನೆಲ ಉಳಿಯಿತು. ಗೋಡೆಯ ಆ ಕಡೆ, ಅದೇ ಎತ್ತರಕ್ಕೆ, ಗೋಡೆಗೆ ತಾಗಿಕೊಂಡೇ ಹನ್ನೊಂದು ವರ್ಷದಿಂದ ಪಾಪಮ್ಮನವರ ಗ್ರೈಂಡರು ತಿರುಗುತ್ತಿತ್ತು.

ಈ ಪಾಪಮ್ಮ ಯಾರೆಂದು ಹೇಳಿಬಿಡುತ್ತೇನೆ. ಈಗ ಬಡಾವಣೆಯ ನಿವಾಸಿಗಳ ಸಂಘದ ಕಚೇರಿ ಇರುವಲ್ಲಿ ಅವರ ಮಾವ ಹುರುಳಿ ಬಡಿಯುತ್ತಿದ್ದರು. ಹೊಲವೆಲ್ಲ ಸೈಟಾದ ಮೇಲೆ ಆ ಕುಟುಂಬಕ್ಕೆ ಉಳಿದದ್ದು ಹತ್ತಡಿ ಅಗಲದ ಒಂದು ಮನೆ ಮತ್ತು ಚನ್ನವೀರೇಶರ ಗೋಡೆಯಲ್ಲಿ ಅರ್ಧ ಪಾಲು. ಸಂಘದಲ್ಲಿ ಪಾಪಮ್ಮನವರಿಗೆ ಸದಸ್ಯತ್ವವಿಲ್ಲ. ಸದಸ್ಯರಾಗಲು ಬಡಾವಣೆಯ ನಕ್ಷೆಯಲ್ಲಿ ಸೈಟ್ ನಂಬರು ಇರಬೇಕಂತೆ. ನಕ್ಷೆ ಬರೆಯುವ ಮೊದಲೇ ಇದ್ದವರಿಗೆ ನಂಬರು ಎಲ್ಲಿಂದ ತರುವುದು?

ಲೇತಿನಲ್ಲಿ ಲೋಹ ತಿರುಗುತ್ತದೆ, ಉಳಿ ನಿಲ್ಲುತ್ತದೆ. ಬರೀ ನುಣುಪು ಮಾಡಿದರೆ ಅದು ಕೆಲಸ. ಮಣಿಸಾಲು, ಬಳೆಗೆರೆ, ಕೈಗೆ ಹಿಡಿತ ಸಿಗುವ ವಜ್ರಗೆರೆ ಮೂಡಿಸಿದರೆ ಅದು ಅಲಂಕಾರ. ಚನ್ನವೀರೇಶರಿಗೆ ಬೇಕಾದದ್ದು ಅಲಂಕಾರ. ಎರಡು ತಿಂಗಳು ಹಿತ್ತಾಳೆಯ ಸುರುಳಿ ಸಿಪ್ಪೆ ಮನೆಯೆಲ್ಲ ಹಾರಿ, ಸಾರಿನಲ್ಲೂ ಒಮ್ಮೆ ಸಿಕ್ಕಿ, ಕೊನೆಗೆ ಒಂದು ಮಂಗಳವಾರ ಬಳೆಗೆರೆಯ ಅಂಚಿನ ದೀಪದ ತಟ್ಟೆಯೊಂದು ಕನ್ನಡಿಯ ಹಾಗೆ ಹೊಳೆಯುತ್ತ ಹೊರಬಿತ್ತು. ಶುಕ್ರವಾರ ಅದರ ಜೋಡಿಯನ್ನು ಹಿಡಿದರು. ಕೊನೆಯ ಸುತ್ತು. ಉಸಿರು ಬಿಗಿಹಿಡಿದು ಉಳಿಯನ್ನು ತಟ್ಟೆಯ ಅಂಚಿನಿಂದ ನಡುವಿಗೆ ಒಯ್ಯುತ್ತಿದ್ದಾಗ ಗೋಡೆಯಾಚೆ ಪಾಪಮ್ಮ ಉದ್ದಿನಬೇಳೆ ಸುರಿದರು.

"ಹಾಳಾಯ್ತು ಕಣೇ! ನಡುಗಿಬಿಡ್ತು!"

"ಯಾರಿಗ್ರೀ ನಡುಕ? ಜ್ವರ ಬಂತಾ?"

"ಉಳಿಗೆ ಕಣೇ, ಉಳಿಗೆ! ಆ ಗ್ರೈಂಡರಿಂದ ಗೋಡೆ ನಡುಗಿ, ಗೋಡೆಯಿಂದ ಲೇತು ನಡುಗಿ... ನೋಡಿಲ್ಲಿ!"

ತಟ್ಟೆಯ ತುಂಬ ಅಲೆ ಎದ್ದಿತ್ತು. ನಡುವಿನಿಂದ ಹೊರಟು ಸುತ್ತುತ್ತ ಅಗಲವಾಗುವ ಸಣ್ಣ ಸಣ್ಣ ಎಸಳು. ಕಾರ್ಖಾನೆಯಲ್ಲಾದರೆ ಇಂಥ ಮಾಲನ್ನು ಕೆಂಪು ಡಬ್ಬಿಗೆ ಎಸೆಯುತ್ತಾರೆ, ಕೆಡಿಸಿದವನ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಚನ್ನವೀರೇಶ್ ಅವತ್ತೇ, ಪಾಪಮ್ಮನವರ ಹಿಟ್ಟಿನ ವ್ಯಾಪಾರ ನಿಲ್ಲಬೇಕು ಎಂದು ಮೂರು ಪುಟದ ದೂರು ಬರೆದರು. 'ಕಲೆಗೆ ಧಕ್ಕೆ' ಎಂಬ ಮಾತು ಅದರಲ್ಲಿ ಐದು ಕಡೆ ಬಂತು.

ದೂರನ್ನು ಕೈಗೆತ್ತಿಕೊಂಡವರು ಸಂಘದ ಅಧ್ಯಕ್ಷ ಕಾಂತರಾಜು. ಬಡಾವಣೆಗೆ ಐವತ್ತು ತುಂಬಿ, ಫೆಬ್ರವರಿ ಕೊನೆಗೆ ಸುವರ್ಣ ಮಹೋತ್ಸವ ಇತ್ತು. ಊಟಕ್ಕೆ ಪ್ರತಿ ಮನೆಯಿಂದ ಎಷ್ಟು ಜನ ಎಂದು ಬರೆಸಿಕೊಳ್ಳಲು ಅವರು ಮನೆಮನೆಗೆ ಹೋಗುತ್ತಿದ್ದರು. ದೂರನ್ನು ಆ ಊಟದ ಪಟ್ಟಿಯ ಕೆಳಗಿಟ್ಟು ಕ್ಲಿಪ್ ಹಾಕಿದರು. ಜನ ಮೇಲಿನ ಹಾಳೆಯಲ್ಲಿ ನಾಲ್ಕು, ಐದು ಎಂದು ತಲೆ ಎಣಿಸಿ ಬರೆದರು, ಕೆಳಗಿನ ಹಾಳೆಯಲ್ಲಿ ಸಹಿ ಮಾಡಿದರು. ಒಬ್ಬರು ಮಾತ್ರ "ಕಾಂತರಾಜು, ಇದೇನು ಎರಡನೇದು?" ಎಂದು ಕೇಳಿದರಂತೆ. "ಅದು ನಮ್ಮ ಒಳ್ಳೇದಕ್ಕೇ ಸಾರ್," ಎಂದರಂತೆ ಕಾಂತರಾಜು. ಪಾಯಸ ಎಷ್ಟು ಬಗೆ ಎಂದು ಕೇಳಿದವರು ಮಾತ್ರ ಹಲವರು.

ಹೀಗೆ ಸೀಲ್ ಬಿತ್ತು. ಬಿಳಿ ಬಟ್ಟೆ, ಕೆಂಪು ಅರಗು, ಮೇಲೆ ಪಾಲಿಕೆಯ ಅಧಿಕಾರಿ ಗಿರಿರಾಜರ ಸಹಿ. ಮೂರನೇ ದಿನಕ್ಕೆ ಬೀದಿಯ ಫ್ರಿಜ್ಜುಗಳು ಖಾಲಿಯಾದವು. ಬೀದಿ ಉಪ್ಪಿಟ್ಟಿಗೆ ಇಳಿಯಿತು. ಅಂಗಡಿಯ ಪ್ಯಾಕೆಟ್ ಹಿಟ್ಟು ತಿಂದ ಕಾಂತರಾಜು ಸಂಘದ ಸಭೆಯಲ್ಲಿ ಹುಳಿತೇಗು ತೇಗುತ್ತಲೇ ಬಡಾವಣೆಯ ಆರೋಗ್ಯದ ಬಗ್ಗೆ ಮಾತಾಡಿದರು.

ಅಷ್ಟರಲ್ಲಿ ಕಾಂತರಾಜು ಅವರ ಸೊಸೆ ರಮ್ಯಶ್ರೀ ಚಂದ್ರಾ ಲೇಔಟಿನಲ್ಲಿ ಮನೆ ಅಲಂಕಾರದ ಅಂಗಡಿ ತೆರೆದಳು. ಪೂಜೆಗೆ ಬರಿಗೈಯಲ್ಲಿ ಹೋಗಲಾದೀತೆ? ನೀಲಗಂಗಮ್ಮ ಎರಡು ದೀಪದ ತಟ್ಟೆಗಳನ್ನೂ ನೋಡಿದರು. ಚೆನ್ನಾಗಿದ್ದುದನ್ನು ಮನೆಗೆ ಇಟ್ಟುಕೊಂಡರು. ಹಾಳಾದದ್ದನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟುಬಂದರು.

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಸ್ಕೂಟರ್ ಜಾರಿ ನಿಂತಿತು.

"ಅಂಕಲ್! ಅಂಕಲ್, ಓ ಮೈ ಗಾಡ್! ಇದು ನೀವೇ ಮಾಡಿದ್ದಾ? ದೀಪ ಹಚ್ಚಿದ ತಕ್ಷಣ ತಟ್ಟೆಯೊಳಗೆ ಹೂವು ತಿರುಗುತ್ತೆ ಅಂಕಲ್! ಬಂದೋರೆಲ್ಲ ಫೋಟೋ ತೆಗೆದದ್ದೇ ತೆಗೆದದ್ದು. ಯಾವ ಟೆಕ್ನಿಕ್ ಇದು?"

ಚನ್ನವೀರೇಶ್ ಹೆಂಡತಿಯ ಕಡೆ ನೋಡಿದರು. ಹೆಂಡತಿ ಗೋಡೆಯ ಕಡೆ ನೋಡಿದರು. ಇಂಥ ಹೊತ್ತಿನಲ್ಲಿ ನಿಜ ಹೇಳುವುದಕ್ಕೆ ಒಂದೇ ನಿಮಿಷ ಸಾಕು. ಆದರೆ ಮೂವತ್ತನಾಲ್ಕು ವರ್ಷ ಕಿಟಕಿಯ ಹಿಂದೆ ಕೂತವರನ್ನು ಯಾರೂ ಟೆಕ್ನಿಕ್ ಕೇಳಿರಲಿಲ್ಲ.

"ಇದಕ್ಕೆ ಕಮಲಕಂಪನ ಅಂತಾರಮ್ಮ," ಎಂದರು. "ಬಹಳ ಹಳೇ ಗುಟ್ಟು. ಕೈಯಲ್ಲಿ ಬರಬೇಕು."

"ಹಂಗಾರೆ ಇಪ್ಪತ್ನಾಲ್ಕು ಬೇಕು ಅಂಕಲ್! ಸುವರ್ಣ ಮಹೋತ್ಸವಕ್ಕೆ! ಸ್ಟೇಜ್ ಮೇಲಿನ ಗಣ್ಯರಿಗೆ ಶಾಲು ಪೇಟ ಎಲ್ಲಾ ಹಳೇದಾಯ್ತು. ಮಂತ್ರಿಗಳು ಬರ್ತಿದಾರೆ. ಮಾವನಿಗೆ ನಾನು ಹೇಳ್ತೀನಿ!"

ಮಾವನಿಗೆ ಹೇಳಿದಳು. ಮಾವ ಆಮಂತ್ರಣ ಪತ್ರಿಕೆಯಲ್ಲೇ ಹಾಕಿಸಿಬಿಟ್ಟರು: 'ನಮ್ಮ ಬಡಾವಣೆಯ ಹೆಮ್ಮೆ, ಕಮಲಕಂಪನ ಶಿಲ್ಪಿ ಶ್ರೀ ಚನ್ನವೀರೇಶ್ ಅವರ ಕರಕಮಲಗಳಿಂದ ಅರಳಿದ ದೀಪಗಳ ಸಮರ್ಪಣೆ.' ಪತ್ರಿಕೆ ಸಾವಿರ ಪ್ರತಿ. ದೀಪ ಸೊನ್ನೆ.

ಅಲ್ಲಿಂದ ಶುರುವಾಯಿತು ನೋಡಿ, ಹದಿನೈದು ದಿನದ ಮಹಾಸಮರ! ಮೊದಲು ಚನ್ನವೀರೇಶ್ ಉಳಿಯ ತಿರುಪನ್ನು ಸಡಿಲಿಸಿದರು. ತಟ್ಟೆ ಕಿರುಚಿತು, ಬೀದಿಯ ನಾಯಿಗಳೆಲ್ಲ ಉತ್ತರ ಕೊಟ್ಟವು, ಹೂವು ಬರಲಿಲ್ಲ. ಆಮೇಲೆ ನೀಲಗಂಗಮ್ಮನ ಕೈಗೆ ಒನಕೆ ಕೊಟ್ಟು ಲೇತಿನ ಪಕ್ಕದಲ್ಲೇ ಮೆಣಸಿನಪುಡಿ ಕುಟ್ಟಿಸಿದರು.

"ಒಂದೇ ಲಯದಲ್ಲಿ ಕುಟ್ಟೇ!"

"ಲಯ ನಿಮ್ಮ ತಾತ! ಮೂಗಲ್ಲಿ ಖಾರ ಹೋಗೈತ್ರೀ! ಆಕ್ಷೀ!"

ಆ ಸೀನು ಮಾತ್ರ ತಟ್ಟೆಯ ಮೇಲೆ ಚೆನ್ನಾಗಿ ಮೂಡಿತು.

ಸೊಸೆಯ ಜೊತೆ ಕೆಲಸ ನೋಡಲು ಬಂದ ಕಾಂತರಾಜು ವಿಷಯವೇನೆಂದು ಪೂರ್ತಿ ತಿಳಿಯದೆಯೇ ನೆರವಿಗೆ ಧುಮುಕಿದರು. ಕಲಾವಿದರಿಗೆ ಕಂಪನ ಬೇಕು ಎಂದಷ್ಟೇ ಅವರಿಗೆ ಗೊತ್ತು. "ಕಂಪನಾನಾ? ನನ್ನ ಬುಲೆಟ್ ಇಲ್ವಾ ಸಾರ್!" ಎಂದು ಗಾಡಿಯನ್ನು ಓಣಿಯೊಳಗೆ ನುಗ್ಗಿಸಿ, ಸ್ಟ್ಯಾಂಡನ್ನು ಗೋಡೆಗೆ ಆನಿಸಿ, ಆಕ್ಸಿಲರೇಟರ್ ತಿರುವಿದರು. ಓಣಿ ಹೊಗೆಯಿಂದ ತುಂಬಿತು. ಒಗೆದು ಹಾಕಿದ್ದ ಸೀರೆಗಳು ಕಪ್ಪಾದವು. ಹೊಗೆಯೊಳಗಿಂದ "ಬಂತಾ ಸಾರ್?" "ಬರ್ತಿದೆ, ಇನ್ನೊಂಚೂರು ಕೊಡಿ!" "ಬಂತಾ?" ಎಂಬ ಕೂಗು ಮಾತ್ರ ಕೇಳುತ್ತಿತ್ತು. ಹೊಗೆ ಇಳಿದ ಮೇಲೆ ರಮ್ಯಶ್ರೀ ತಟ್ಟೆಯನ್ನು ಬೆಳಕಿಗೆ ಹಿಡಿದಳು.

"ಅಂಕಲ್... ಇದು ಹುಳುಕಡ್ಡಿ ಥರ ಇದೆ."

"ಸ್ವಲ್ಪ ದೂರದಿಂದ ನೋಡಮ್ಮ."

"ದೂರದಿಂದ ಇನ್ನೂ ಹಂಗೇ ಇದೆ ಅಂಕಲ್. ಮಂತ್ರಿಗಳಿಗೆ ಇದನ್ನ ಕೊಟ್ರೆ ಮುಲಾಮೂ ಕೊಡಬೇಕಾಗುತ್ತೆ."

ನೀಲಗಂಗಮ್ಮನ ಸಹನೆ ಕಪ್ಪಾದ ಸೀರೆಗಳ ಹತ್ತಿರವೇ ಮುಗಿದಿತ್ತು. ಒಳಗೆ ಹೋಗಿ ನೀರು ತುಂಬಿದ ಹಿತ್ತಾಳೆ ಕೊಡವನ್ನು ಸೊಂಟದ ಮೇಲೆ ಹೊತ್ತು ತಂದು, ಮೂವರ ನಡುವೆ ಕುಕ್ಕಿದರು.

"ಹನ್ನೊಂದು ವರ್ಷದಿಂದ ನಮ್ಮನೆ ಕೊಡದ ನೀರಲ್ಲಿ ನಿಮ್ಮ ಕಮಲಕಂಪನ ನೋಡ್ತಿದೀನಿ ನಾನು! ಬೆಳಿಗ್ಗೆ ಹತ್ತಕ್ಕೆ ಪಾಪಮ್ಮ ಉದ್ದು ಹಾಕ್ದಾಗ ಅರಳೋದು, ಹನ್ನೆರಡಕ್ಕೆ ಆಫ್ ಮಾಡ್ದಾಗ ಮುಚ್ಕೊಳ್ಳೋದು. ಸೀಲ್ ಬಿದ್ದಾಗಿಂದ ನೀರು ಸತ್ತಂಗೆ ಬಿದ್ದೈತೆ. ಇವರ ಕೈಯಲ್ಲಿ ಏನೂ ಬಂದಿಲ್ಲ ಕಣಮ್ಮ ರಮ್ಯಾ. ಬಂದಿದ್ದೆಲ್ಲ ಗೋಡೆಯಿಂದ!"

ಓಣಿಯಲ್ಲಿ ಬುಲೆಟ್ಟಿನ ಎಂಜಿನ್ನು ತಣ್ಣಗಾಗುವ ಟಿಕ್ ಟಿಕ್ ಕೇಳಿಸಿತು.

"ಅಂದ್ರೆ," ಎಂದಳು ರಮ್ಯಶ್ರೀ, ಕಣ್ಣರಳಿಸಿ, "ಆರ್ಟಿಸ್ಟು ಪಾಪಮ್ಮ ಆಂಟಿ!"

"ಏಯ್, ಸುಮ್ನಿರಮ್ಮ," ಎಂದರು ಕಾಂತರಾಜು. "ಪತ್ರಿಕೆ ಪ್ರಿಂಟ್ ಆಗಿದೆ. ಆರ್ಟಿಸ್ಟು ಸಾರೇ. ಆಕೆ... ಆಕೆ ಕರೆಂಟ್ ಇದ್ದಂಗೆ. ಕರೆಂಟಿನ ಹೆಸರನ್ನ ಯಾರಾದ್ರೂ ಪತ್ರಿಕೇಲಿ ಹಾಕ್ತಾರಾ?"

ಮೂವರೂ ಪಾಪಮ್ಮನವರ ಮನೆಗೆ ಹೊರಟರು. ಪಾಪಮ್ಮ ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಗ್ರೈಂಡರು ನಿಂತಮೇಲೆ ಹಿದುಕಬೇಳೆ ಮಾರಿಯೇ ದಿನ ದೂಡುತ್ತಿದ್ದರು. ಆದರೆ ಅವರೆಯ ಕಾಲ ಇನ್ನು ಹತ್ತು ದಿನವೂ ಇರಲಿಲ್ಲ. ಅವರ ಹೆಬ್ಬೆರಳಿನಿಂದ ಹಾರಿದ ಬೇಳೆಯೊಂದು ಕಾಂತರಾಜು ಅವರ ಕನ್ನಡಕಕ್ಕೆ ತಗುಲಿತು.

"ನಮಸ್ಕಾರ ಪಾಪಮ್ಮನವರೇ," ಎಂದರು ಅಧ್ಯಕ್ಷರು. 'ನವರೇ' ಎಂಬುದು ಆ ಬಾಯಿಂದ ಬಂದದ್ದು ಅದೇ ಮೊದಲು. "ನಿಮ್ಮ ಗ್ರೈಂಡರು ಸ್ವಲ್ಪ ಬೇಕಾಗಿತ್ತು."

"ಅದರ ಬಾಯಿ ಕಟ್ಟಿದೋರು ನೀವು. ಈಗ ಮಾತಾಡು ಅಂತೀರಾ?"

"ಯಾರೋ ಏನೋ ಅರ್ಜಿ ಕೊಟ್ಟು..." ಎಂದು ಚನ್ನವೀರೇಶ್ ಶುರುಮಾಡಿದರು.

"ಯಾರೋ ಅಲ್ಲ ಸಾಮಿ, ನೀವೇ. ನನ್ನ ಮೊಮ್ಮಗಳು ಓದಿ ಹೇಳವಳೆ. ಮೂರು ಪೇಜು. ಕಲೆಗೆ ಧಕ್ಕೆ, ಕಲೆಗೆ ಧಕ್ಕೆ, ಅಂತ ಐದು ಸಲ. ನಾನು ಕಲೆ ಅಂದ್ರೆ ಸೀರೆ ಮೇಲಿಂದು ಅನ್ಕೊಂಡೆ. ಇರ್ಲಿ. ಸೀಲ್ ಬಿಚ್ಚಿಸಿ, ರುಬ್ತೀನಿ. ನಿಮ್ಮ ಹೂವು ನೀವು ತಗಳಿ, ನನ್ನ ಹಿಟ್ಟು ನಾನು ಮಾರ್ಕೊತೀನಿ. ಇನ್ನೇನೂ ಬ್ಯಾಡ ನಂಗೆ."

ಇಷ್ಟು ನ್ಯಾಯವಾದ ಮಾತನ್ನು ಆ ಬೀದಿಯಲ್ಲಿ ಅನೇಕ ವರ್ಷಗಳಿಂದ ಯಾರೂ ಆಡಿರಲಿಲ್ಲ. ಚನ್ನವೀರೇಶ್ ಅಲ್ಲೇ ಮೆಟ್ಟಿಲ ಮೇಲೆ ಕೂತು ಎರಡನೇ ಅರ್ಜಿ ಬರೆದರು: ಪಾಪಮ್ಮನವರ ಗ್ರೈಂಡರು ಕೂಡಲೇ ಓಡಬೇಕು, ಓಡದಿದ್ದರೆ ಕಲೆಗೆ ಧಕ್ಕೆ. ಅದೇ ನಲವತ್ತೆರಡು ಮನೆಗಳ ಸಹಿ ಬೇಕಿತ್ತು. ಕಾಂತರಾಜು ಊಟದ ಪಟ್ಟಿಯನ್ನು ಪರಿಷ್ಕರಿಸುವ ನೆಪ ತೆಗೆದರು. ಹೋಳಿಗೆಯೋ ಜಹಾಂಗೀರೋ ಎಂದು ಮೇಲಿನ ಹಾಳೆ ಕೇಳಿತು. ಒಂದೇ ಸಂಜೆಯಲ್ಲಿ ನಲವತ್ತೆರಡು ಸಹಿ ಬಿತ್ತು. ಯಾರೂ ಓದಲಿಲ್ಲ. ಸತ್ಯಕ್ಕೂ ಸುಳ್ಳಿಗೂ ಸಮನಾಗಿ ಸಹಿ ಹಾಕುವ ಇಂಥ ನಾಗರಿಕರು ಸಿಗುವುದು ಅಪರೂಪ ಎಂದುಕೊಳ್ಳಬೇಡಿ.

ಅಧಿಕಾರಿ ಗಿರಿರಾಜ್ ಎರಡೂ ಅರ್ಜಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಪ್ರಾಮಾಣಿಕ ಮನುಷ್ಯ, ಕಾಗದಕ್ಕೆ ಎಂದೂ ದ್ರೋಹ ಬಗೆದವರಲ್ಲ.

"ಮೊದಲನೇ ಅರ್ಜಿ: ಹಿಟ್ಟಿನ ವ್ಯಾಪಾರ ನಿಲ್ಲಬೇಕು. ಎರಡನೇ ಅರ್ಜಿ: ಗ್ರೈಂಡರು ಓಡಬೇಕು. ಎರಡಕ್ಕೂ ಅದೇ ನಲವತ್ತೆರಡು ಸಹಿ. ಎರಡೂ ಊರ್ಜಿತ."

"ಹಂಗಾದ್ರೆ ಮೊದಲನೇದನ್ನ ವಾಪಸ್ ತಗೊಳ್ತೀನಿ ಸಾರ್," ಎಂದರು ಚನ್ನವೀರೇಶ್.

"ವಾಪಸ್ ತಗೊಳ್ಳಕ್ಕೆ ಫಾರಂ ಇಲ್ಲ. ಕೊಡಕ್ಕೆ ಮಾತ್ರ ಇರೋದು. ನಾನು ಎರಡನ್ನೂ ಗೌರವಿಸ್ತೀನಿ." ಪೆನ್ನು ತೆಗೆದು ಆದೇಶ ಬರೆದರು. ಸದರಿ ಗ್ರೈಂಡರನ್ನು ಕಲಾ ಉದ್ದೇಶಕ್ಕೆ ಮಾತ್ರ ಪ್ರತಿದಿನ ಹತ್ತರಿಂದ ಹನ್ನೆರಡರವರೆಗೆ ಓಡಿಸತಕ್ಕದ್ದು. ಅಕ್ಕಿ, ಉದ್ದು, ಮೆಂತ್ಯ ಇತ್ಯಾದಿಗಳನ್ನು ಹಾಕತಕ್ಕದ್ದಲ್ಲ.

"ಭಲೇ!" ಎಂದರು ಕಾಂತರಾಜು. ಕಲೆಯೂ ಉಳಿಯಿತು, ಬಡಾವಣೆಯ ಘನತೆಯೂ ಉಳಿಯಿತು. ಆ ಸಂತೋಷದಲ್ಲಿ ಆದೇಶವನ್ನು ಪಾಪಮ್ಮನವರಿಗೆ ಓದಿ ಹೇಳಲು ಎಲ್ಲರೂ ಮರೆತರು. ಸೀಲ್ ಬಿಚ್ಚುತ್ತಾರೆ ಎಂದಷ್ಟೇ ಸುದ್ದಿ ಹೋಯಿತು.

ಮಹೋತ್ಸವಕ್ಕೆ ಮೂರೇ ದಿನ. ಬೆಳಿಗ್ಗೆ ಹತ್ತಕ್ಕೆ ಬೀದಿಗೆ ಬೀದಿಯೇ ಪಾಪಮ್ಮನವರ ಬಾಗಿಲಲ್ಲಿ ನೆರೆಯಿತು. ರಮ್ಯಶ್ರೀ ಫೋನ್ ಎತ್ತಿ ಹಿಡಿದಿದ್ದಳು. ಗಾಳಿಸುದ್ದಿ ಸಿಕ್ಕ ಹೆಂಗಸರು ಸ್ಟೀಲ್ ಡಬ್ಬಿಗಳನ್ನು ಸೆರಗಿನ ಕೆಳಗೆ ತಂದಿದ್ದರು. ಕಾಂತರಾಜು ರಿಬ್ಬನ್ ಕತ್ತರಿಸುವ ಬೆಳ್ಳಿ ಕತ್ತರಿಯಿಂದ ಸೀಲ್ ಕತ್ತರಿಸಿದರು. ಚಪ್ಪಾಳೆ! ಗೋಡೆಯಾಚೆ ಲೇತು ಗುಂಯ್ ಎಂದಿತು.

"ನಾನು ರೆಡಿ!" ಎಂದು ಗೋಡೆಯೊಳಗಿಂದ ಚನ್ನವೀರೇಶರ ದನಿ ಬಂತು. "ಹಿತ್ತಾಳೆ ತಿರುಗ್ತಿದೆ! ಉಳಿ ಇಡ್ಲಾ?"

"ಇರಿ ಅಂಕಲ್! ಆಂಟಿ, ಸ್ವಿಚ್ ಹಾಕಿ, ಲೈವ್ ಹೋಗ್ತಿದೆ!" ಎಂದಳು ರಮ್ಯಶ್ರೀ.

ಪಾಪಮ್ಮ ಕಲ್ಲನ್ನು ತೊಳೆದರು. ಒಳಗೆ ಹೋಗಿ, ಮುಂಜಾನೆಯೇ ನೆನೆಹಾಕಿದ್ದ ಉದ್ದಿನ ಬಕೀಟನ್ನು ಎರಡು ಕೈಯಲ್ಲಿ ಎತ್ತಿ ತಂದರು.

"ಅಮ್ಮಾ, ಅಮ್ಮಾ!" ಗಿರಿರಾಜ್ ಫೈಲನ್ನು ಅಡ್ಡ ಹಿಡಿದರು. "ಏನದು? ಉದ್ದು ಹಾಕಂಗಿಲ್ಲ. ಆದೇಶ ಆಗಿದೆ. ಖಾಲಿ ಓಡಿಸಬೇಕು."

"ಖಾಲಿನಾ?"

"ಖಾಲಿ. ಕಲೆಗೆ ಮಾತ್ರ."

"ಖಾಲಿ ಓಡಿಸಿದ್ರೆ ಕಲ್ಲಿಗೆ ಕಲ್ಲು ತೇಯ್ದು ಮೂರು ದಿನಕ್ಕೆ ಗುಂಡು ಸವೆದೋಗ್ತದೆ ಸಾಮಿ. ಆಮೇಲೆ ನಾನು ಏನು ತಿನ್ನಾನ, ಇವರ ಹೂವಾ?"

"ಅದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ."

"ಬಂತಾ?" ಎಂದು ಗೋಡೆ ಕೇಳಿತು. "ಇನ್ನೂ ನಡುಕ ಬರ್ತಿಲ್ಲ ನನಗೆ!"

"ಪಾಪಮ್ಮ, ಹಟ ಮಾಡ್ಬೇಡಿ," ಎಂದರು ಕಾಂತರಾಜು, ದನಿ ತಗ್ಗಿಸಿ. 'ನವರೇ' ಬಿದ್ದುಹೋಗಿತ್ತು. "ಮಂತ್ರಿಗಳು ಬರ್ತಾರೆ, ಬಡಾವಣೆ ಮರ್ಯಾದೆ. ಮೂರು ದಿನ ಖಾಲಿ ಓಡ್ಸಿ. ಆಮೇಲೆ ನಾನು ಮಾತಾಡ್ತೀನಿ."

ಪಾಪಮ್ಮ ಸುತ್ತಲೂ ನೋಡಿದರು. ನಲವತ್ತೆರಡು ಮನೆಗಳು ಡಬ್ಬಿ ಮುಚ್ಚಿಟ್ಟುಕೊಂಡು ನಿಂತಿದ್ದವು. ಪಾಪಮ್ಮ ಬಕೀಟನ್ನು ಎತ್ತಿ, ಒಂದೇ ಸಲಕ್ಕೆ, ಉದ್ದನ್ನೆಲ್ಲ ಗ್ರೈಂಡರಿಗೆ ಸುರಿದರು. ನೀರು ಚಿಮ್ಮಿ ಆದೇಶದ ಮೇಲೆ ಬಿತ್ತು. ಗಿರಿರಾಜರ ಸಹಿ ಕದಡಿ ನೀಲಿಯಾಗಿ ಹರಡಿತು.

"ತೆಗೀರಿ ಅದನ್ನ!" ಗಿರಿರಾಜ್ ಕೂಗಿದರು. "ತೆಗೀರಿ ಈಗ್ಲೇ, ಇಲ್ಲಾಂದ್ರೆ ಮತ್ತೆ ಸೀಲ್ ಹಾಕ್ತೀನಿ!"

"ತೆಗಿಯಲ್ಲ," ಎಂದರು ಪಾಪಮ್ಮ. ಒದ್ದೆ ಕೈಯನ್ನು ಸೆರಗಿಗೆ ಒರಸಿಕೊಂಡು ಸ್ವಿಚ್ಚಿನ ಕಡೆ ಹೊರಟರು. "ಬೇಕಾದ್ರೆ ಈ ಉದ್ದಿನ ಮೇಲೇ ಹಾಕ್ಕೊಳ್ಳಿ ನಿಮ್ಮ ಸೀಲು."